ಕೆಟ್ಟ ಡಿವಿಡಿ ಡ್ರೈವ್ ಮನೆಯಲ್ಲೇ ಬದಲಿಸುವುದು: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಪುಷ್ಯ ಮಳೆ ಹಿಡಿದು ಕೂತಿದ್ದ ಒಂದು ಮಧ್ಯಾಹ್ನ ದೊಡ್ಡತ್ತೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು. ಒಳಗೆ ಹನ್ನೆರಡು ಡಿಸ್ಕುಗಳು. ಮೂರು ಮದುವೆಯವು, ಒಂದು ಗೃಹಪ್ರವೇಶದ್ದು, ಉಳಿದವು ಅಜ್ಜ ಅರ್ಥ ಹೇಳಿದ ತಾಳಮದ್ದಳೆಗಳು. ಕ್ಯಾಸೆಟ್ಟಿನಲ್ಲಿದ್ದುದನ್ನು ಯಾರೋ ಎಂದೋ ಸಿಡಿಗೆ ಇಳಿಸಿಕೊಟ್ಟಿದ್ದರು. “ಕರ್ಣನ ಅರ್ಥ ಇದರಲ್ಲೇ ಇದೆ ಮಾರಾಯ, ಒಮ್ಮೆ ಕೇಳಿಸು” ಎಂದರು ಅತ್ತೆ. ಕಂಪ್ಯೂಟರಿನ ಡ್ರೈವಿನ ಗುಂಡಿ ಒತ್ತಿದೆ. ಒಳಗೆ ಕಿರ್ ಎಂಬ ಸದ್ದು ಬಂತು, ಟ್ರೇ ಮಾತ್ರ ಹೊರಗೆ ಬರಲಿಲ್ಲ.

ನಮ್ಮ ಮನೆ ತೀರ್ಥಹಳ್ಳಿಯಿಂದಲೂ ಒಳಗೆ. ರಿಪೇರಿ ಅಂಗಡಿಗೆಂದು ಶಿವಮೊಗ್ಗಕ್ಕೆ ಹೋಗಬೇಕಾದರೆ ತೀರ್ಥಹಳ್ಳಿಯಿಂದಲೇ 60 ಕಿಲೋಮೀಟರ್. ಮಳೆಯಲ್ಲಿ ಇಡೀ ಕ್ಯಾಬಿನೆಟ್ಟನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಒಯ್ದರೆ, ಡ್ರೈವ್ ಸರಿಯಾಗುವ ಹೊತ್ತಿಗೆ ಹಾರ್ಡ್ ಡಿಸ್ಕ್ ಕೆಟ್ಟರೂ ಕೆಟ್ಟೀತು. ಡ್ರೈವ್ ಬದಲಿಸುವುದಾದರೋ ಒಂದು ಸ್ಟಾರ್ ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಾದರೂ ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸ. ಕಷ್ಟ ಇರುವುದು ಬದಲಿಸುವುದರಲ್ಲಿ ಅಲ್ಲ, ಬದಲಿಸಬೇಕೇ ಬೇಡವೇ ಎಂದು ನಿರ್ಧರಿಸುವುದರಲ್ಲಿ. ಆದ್ದರಿಂದ ಆ ಭಾಗವನ್ನೇ ಇಲ್ಲಿ ಹೆಚ್ಚು ವಿವರಿಸುತ್ತೇನೆ.

ಕೆಟ್ಟಿರುವುದು ಡ್ರೈವೇ ಹೌದೇ?

ಟ್ರೇ ಹೊರಬಾರದಿದ್ದರೆ ಮೊದಲು ಮುಂಭಾಗದ ಪುಟ್ಟ ದೀಪ ನೋಡಿ. ಕಂಪ್ಯೂಟರ್ ಶುರುವಾಗುವಾಗ ಅದು ಒಮ್ಮೆಯಾದರೂ ಮಿನುಗಬೇಕು. ಮಿನುಗದೇ ಇದ್ದರೆ ಡ್ರೈವಿಗೆ ವಿದ್ಯುತ್ ತಲುಪದಿರುವ ಸಾಧ್ಯತೆ ಹೆಚ್ಚು. ಒಳಗಿನ ವಯರು ಸಡಿಲವಾಗಿರಬಹುದು. ದೀಪ ಮಿನುಗಿ, ಮೋಟಾರಿನ ಸದ್ದೂ ಬಂದು, ಟ್ರೇ ಅಲ್ಲೇ ಸಿಕ್ಕಿಕೊಂಡಿದ್ದರೆ ತಪ್ಪು ಬಹುತೇಕ ರಬ್ಬರ್ ಬೆಲ್ಟಿನದು. ಟ್ರೇಯನ್ನು ಹೊರತಳ್ಳುವ ಮೋಟಾರಿಗೂ ಹಲ್ಲಿನ ಚಕ್ರಕ್ಕೂ ನಡುವೆ ಬಳೆಯಂಥ ಒಂದು ಬೆಲ್ಟ್ ಇರುತ್ತದೆ. ವರ್ಷಗಳು ಕಳೆದಂತೆ ಅದು ಸಡಿಲವಾಗಿ ಜಾರುತ್ತದೆ. ಬಳಸದೆ ಬಿಟ್ಟ ಡ್ರೈವುಗಳಲ್ಲಿ ಇದೇ ಸಾಮಾನ್ಯ ರೋಗ.

ಸಿಕ್ಕಿಕೊಂಡ ಟ್ರೇಯನ್ನು ಚಾಕುವಿನಿಂದ ಮೀಟಲು ಹೋಗಬೇಡಿ. ಡ್ರೈವಿನ ಮುಖದ ಮೇಲೆ ಸೂಜಿ ತೂರುವಷ್ಟು ಸಣ್ಣ ತೂತೊಂದಿದೆ. ಕಂಪ್ಯೂಟರನ್ನು ಪೂರ್ತಿ ಆರಿಸಿ, ಕಾಗದದ ಕ್ಲಿಪ್ಪನ್ನು ನೆಟ್ಟಗೆ ಮಾಡಿ ಆ ತೂತಿನೊಳಗೆ ನೇರವಾಗಿ ತಳ್ಳಿದರೆ ಒಳಗಿನ ಕೊಂಡಿ ಸರಿದು ಟ್ರೇ ಒಂದು ಬೆರಳಿನಷ್ಟು ಹೊರಬರುತ್ತದೆ. ಉಳಿದದ್ದನ್ನು ಕೈಯಿಂದ ಮೆಲ್ಲಗೆ ಎಳೆಯಬಹುದು. ಹಳೆಯ ಡ್ರೈವನ್ನು ಬಿಸಾಡುವ ಮುನ್ನ ಇದನ್ನು ಮಾಡಲೇಬೇಕು. ಒಳಗೆ ಡಿಸ್ಕೊಂದು ಸಿಕ್ಕಿಕೊಂಡಿರುವುದು ತೀರಾ ಸಾಮಾನ್ಯ. ಮನೆಯವರು ಕಳೆದುಹೋಯಿತೆಂದು ಕೈಬಿಟ್ಟದ್ದು ಅಲ್ಲೇ ಇರಬಹುದು.

ಟ್ರೇ ಸರಿಯಾಗಿ ಬಂದುಹೋಗುತ್ತದೆ, ಡಿಸ್ಕೂ ತಿರುಗುತ್ತದೆ, ಆದರೆ ಓದುವುದಿಲ್ಲ ಎಂದಾದರೆ ಡ್ರೈವಿನ ಮೇಲೆ ತಪ್ಪು ಹೊರಿಸುವ ಮೊದಲು ಒಂದು ಸಿಡಿಯನ್ನೂ ಒಂದು ಡಿವಿಡಿಯನ್ನೂ ಹಾಕಿ ನೋಡಿ. ಎರಡನ್ನೂ ಓದುವ ಬೆಳಕು ಬೇರೆ ಬೇರೆ: ಸಿಡಿಗೆ 780 ನ್ಯಾನೊಮೀಟರ್‌ನ, ಡಿವಿಡಿಗೆ 650 ನ್ಯಾನೊಮೀಟರ್‌ನ ಲೇಸರ್. ಸಿಡಿ ಓದಿ ಡಿವಿಡಿ ಓದದಿದ್ದರೆ, ಅಥವಾ ಇದರ ತಿರುವುಮುರುವಾದರೆ, ಒಂದು ಲೇಸರ್ ಸೋತಿದೆ ಎಂದು ತಿಳಿಯಬಹುದು. ಅಂಥ ಡ್ರೈವನ್ನು ಬದಲಿಸುವುದೇ ಸರಿ. ಎರಡನ್ನೂ ಓದದಿದ್ದರೆ ಲೆನ್ಸಿನ ಮೇಲೆ ದೂಳು, ತೇವ ಅಥವಾ ಬೂಷ್ಟು ಕೂತಿರಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆಯಾಗುತ್ತದೆ. ಆ ಸುತ್ತಿನ ಊರುಗಳಲ್ಲಿ ಚಪ್ಪಲಿ, ಪುಸ್ತಕ, ಬೆಲ್ಟು ಎಲ್ಲಕ್ಕೂ ಹಿಡಿಯುವ ಬೂಷ್ಟು ಗಾಜಿನ ಮೇಲೂ ಹಿಡಿಯುತ್ತದೆ. ಕ್ಯಾಮೆರಾ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು.

ಪರೀಕ್ಷೆಗೆ ಬಳಸುವ ಡಿಸ್ಕಿನ ಬಗ್ಗೆಯೂ ಎಚ್ಚರ ಬೇಕು. ಮನೆಯಲ್ಲಿ ಅಥವಾ ಸ್ಟುಡಿಯೊದಲ್ಲಿ ಬರೆದ ಡಿಸ್ಕುಗಳಲ್ಲಿ ಮಾಹಿತಿ ಉಳಿಯುವುದು ಬಣ್ಣದ ಪದರವೊಂದರಲ್ಲಿ, ಅದು ಬಿಸಿಲಿಗೂ ವಯಸ್ಸಿಗೂ ಮಸುಕಾಗುತ್ತದೆ. ಆದ್ದರಿಂದ ಪರೀಕ್ಷೆಗೆ ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಒಂದು ಬೆಳ್ಳಿಬಣ್ಣದ ಡಿಸ್ಕ್ ಬೇಕು. ಪತ್ರಿಕೆಯ ಜೊತೆ ಬಂದದ್ದಾದರೂ ಸಾಕು. ಅದನ್ನು ಓದಿ ಮದುವೆಯ ಡಿಸ್ಕನ್ನು ಓದದಿದ್ದರೆ ಡ್ರೈವಿನ ತಪ್ಪಲ್ಲದಿರಬಹುದು.

ಕೊನೆಯದು, ಕಂಪ್ಯೂಟರಿಗೆ ಡ್ರೈವೇ ಕಾಣದಿರುವುದು. ಯಂತ್ರ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತುತ್ತಾ ಇದ್ದರೆ ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದ ಪರದೆ ತೆರೆಯುತ್ತದೆ (ಕೆಲವು ಕಂಪನಿಗಳ ಯಂತ್ರಗಳಲ್ಲಿ ಕೀಲಿ ಬೇರೆ ಇರುತ್ತದೆ, ಮೊದಲ ಪರದೆಯ ಮೂಲೆಯಲ್ಲಿ ಬರೆದಿರುತ್ತದೆ). ಅಲ್ಲಿನ ಪಟ್ಟಿಯಲ್ಲಿ ಡ್ರೈವಿನ ಹೆಸರಿದ್ದು ವಿಂಡೋಸ್‌ನಲ್ಲಿ ಮಾತ್ರ ಕಾಣದಿದ್ದರೆ ಅದು ತಂತ್ರಾಂಶದ ತೊಂದರೆ. ಯಂತ್ರದ ಭಾಗಗಳನ್ನೆಲ್ಲ ಪಟ್ಟಿ ಮಾಡುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ಹಳದಿ ಗುರುತು ಬಿದ್ದಿರುವ ಡ್ರೈವಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮತ್ತೆ ಶುರುಮಾಡಿ. ವಿಂಡೋಸ್ ತಾನೇ ಅದನ್ನು ಹೊಸದಾಗಿ ಗುರುತಿಸುತ್ತದೆ. ಬಯಾಸ್‌ನಲ್ಲೂ ಹೆಸರಿಲ್ಲದಿದ್ದರೆ ಉಳಿಯುವುದು ಕೇಬಲ್ ಅಥವಾ ಡ್ರೈವ್. ಕ್ಯಾಬಿನೆಟ್ ತೆರೆದು ಎರಡೂ ಕೇಬಲ್‌ಗಳನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಸಿಕ್ಕಿಸಿ ನೋಡಿ. ತೇವದ ಗಾಳಿಗೆ ಕಿಲುಬು ಹಿಡಿದ ಕನೆಕ್ಟರ್‌ಗಳು ಇಷ್ಟಕ್ಕೇ ಸರಿಹೋಗುವುದುಂಟು. ಹೊಸ ಡ್ರೈವ್ ಕೊಳ್ಳುವ ಮೊದಲು ಒಂದು ಹೊಸ ಕೇಬಲ್ ಹಾಕಿ ನೋಡುವುದು ಲಾಭದ ಕೆಲಸ.

ಸಮಯವಿರುವವರು ಹಳೆಯ ಡ್ರೈವನ್ನು ಹೊರತೆಗೆದ ಮೇಲೆ ಅದರ ತಳದ ನಾಲ್ಕು ಸ್ಕ್ರೂ ಬಿಚ್ಚಿ, ಬೆಲ್ಟನ್ನು ಬದಲಿಸಿ, ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೇ ಹನಿ ತಾಗಿಸಿ ಲೆನ್ಸನ್ನು ಮುಟ್ಟಿಯೂ ಮುಟ್ಟದ ಹಾಗೆ ಒರೆಸಬಹುದು. ಸೆಂಟು, ಸ್ಯಾನಿಟೈಸರ್ ಬೇಡ, ಅವುಗಳ ಜಿಡ್ಡು ಲೆನ್ಸಿನ ಮೇಲೆ ಉಳಿಯುತ್ತದೆ. ಮುಚ್ಚಳ ತೆರೆದ ಡ್ರೈವಿಗೆ ಮಾತ್ರ ವಿದ್ಯುತ್ ಕೊಡಲೇಬಾರದು. ಸಿಡಿಯ ಲೇಸರ್ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕಾಣದ ಬೆಳಕಿನಿಂದಲೇ ಕಣ್ಣು ಹಾಳಾಗಬಹುದು.

ಪೇಟೆಗೆ ಹೋಗುವ ಮುನ್ನ

ಹಿಂದೊಮ್ಮೆ ಅಳತೆ, ಗುರುತು ಏನೂ ನೋಡಿಕೊಳ್ಳದೆ ಶಿವಮೊಗ್ಗಕ್ಕೆ ಹೋಗಿ ಹೊಸ ಡ್ರೈವ್ ತಂದಿದ್ದೆ. ಮನೆಗೆ ಬಂದು ನೋಡಿದರೆ ನಮ್ಮ ಯಂತ್ರಕ್ಕೆ ಅದನ್ನು ಜೋಡಿಸುವ ಜಾಗವೇ ಇರಲಿಲ್ಲ. ಒಂದು ದಿನವೂ ಬಸ್ಸಿನ ದುಡ್ಡೂ ಹೋದವು. ಅಂದಿನಿಂದ ಹಳೆಯ ಡ್ರೈವನ್ನೇ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೊತೆಗೆ ಒಯ್ಯುತ್ತೇನೆ. ಕ್ಯಾಬಿನೆಟ್ಟಿನ ಒಳಭಾಗದ ಎರಡು ಫೋಟೊಗಳೂ ಮೊಬೈಲಿನಲ್ಲಿರಲಿ.

ನೋಡಬೇಕಾದದ್ದು ಹಿಂಬದಿಯ ಕನೆಕ್ಟರ್. ಬೆರಳಗಲದ ತೆಳು ಕೇಬಲ್ ಇದ್ದರೆ ಅದು ಸಾಟಾ. ಮಾಹಿತಿಯ ಕಡೆ 7 ಸಂಪರ್ಕ, ವಿದ್ಯುತ್ತಿನ ಕಡೆ 15. ಅಂಗೈ ಅಗಲದ ಪಟ್ಟಿಯಂಥ ಬೂದುಬಣ್ಣದ ಕೇಬಲ್ ಇದ್ದರೆ ಅದು ಹಳೆಯ ಐಡಿಇ. ಅದರಲ್ಲಿ 40 ಪಿನ್‌ಗಳ ಕನೆಕ್ಟರ್, ಪಕ್ಕದಲ್ಲಿ ನಾಲ್ಕು ದಪ್ಪ ಪಿನ್ನಿನ ವಿದ್ಯುತ್ ಸಂಪರ್ಕ. ಈಗ ಅಂಗಡಿಯಲ್ಲಿ ಹೊಸದಾಗಿ ಸಿಗುವುದು ಸಾಟಾ ಡ್ರೈವುಗಳೇ. ನಿಮ್ಮದು ಐಡಿಇ ಆಗಿದ್ದರೆ ಹಳೆಯ ಯಂತ್ರಗಳಿಂದ ತೆಗೆದ ಡ್ರೈವ್ ಹುಡುಕಬೇಕು, ಇಲ್ಲವೇ ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಡ್ರೈವ್ ಕೊಳ್ಳಬೇಕು. ನನ್ನ ಸಲಹೆ ಎರಡನೆಯದು. ನಾಳೆ ಯಂತ್ರ ಬದಲಾದರೂ ಅದು ಕೈಯಲ್ಲಿರುತ್ತದೆ. ಆದರೆ ಯುಎಸ್‌ಬಿ 2ರ ಒಂದು ಕಿಂಡಿ ನಿಯಮದಂತೆ ಕೊಡುವುದು 500 ಮಿಲಿಆಂಪಿಯರ್ ಮಾತ್ರ. ಡಿಸ್ಕ್ ತಿರುಗಲು ಆರಂಭಿಸಿ ನಿಂತುಬಿಡುತ್ತಿದ್ದರೆ ಎರಡು ಕಿಂಡಿಗಳಿಗೆ ಸಿಕ್ಕಿಸುವ ಕವಲು ಕೇಬಲ್ ಕೇಳಿ. ಕ್ಯಾಬಿನೆಟ್ಟಿನ ಮುಂಭಾಗದ ಕಿಂಡಿಗಿಂತ ಹಿಂಬದಿಯದು ವಾಸಿ.

ಇನ್ನು ಗಾತ್ರ. ಸಾಮಾನ್ಯ ಡೆಸ್ಕ್‌ಟಾಪಿನ ಡ್ರೈವ್ ಸುಮಾರು 146 ಮಿಲಿಮೀಟರ್ ಅಗಲ, 41 ಮಿಲಿಮೀಟರ್ ಎತ್ತರ. ಅಂಗಡಿಯಲ್ಲಿ ಐದೂಕಾಲು ಇಂಚಿನದು ಎಂದರೆ ತಿಳಿಯುತ್ತದೆ. ತೆಳ್ಳನೆಯ ಪುಟ್ಟ ಕ್ಯಾಬಿನೆಟ್‌ಗಳಲ್ಲಿ ಲ್ಯಾಪ್‌ಟಾಪಿನಂಥ ಡ್ರೈವ್ ಇರುತ್ತದೆ. ಅದರ ದಪ್ಪ 12.7 ಅಥವಾ 9.5 ಮಿಲಿಮೀಟರ್, ವಿದ್ಯುತ್ ಕನೆಕ್ಟರ್ ಕೂಡ ಚಿಕ್ಕದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡ್ರೈವಿನ ಜೊತೆಗೆ ಒಂದು ಸಾಟಾ ಕೇಬಲ್ ಮತ್ತು ಬಯಾಸ್‌ನ ಗಡಿಯಾರ ನಡೆಸುವ ಸಿಆರ್ 2032 ಸೆಲ್ ಒಂದನ್ನು ತಂದುಬಿಡಿ. ಯಂತ್ರ ಆರಿಸಿ ಹಾಕಿದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತಿದ್ದರೆ ಆ ಸೆಲ್ ಮುಗಿದಿದೆ ಎಂದರ್ಥ.

ಮಳೆಯಲ್ಲಿ ಹೊತ್ತು ತಂದ ಡ್ರೈವನ್ನು ಆ ರಾತ್ರಿಯೇ ಜೋಡಿಸಬೇಡಿ. ಮುಚ್ಚಿದ ಡಬ್ಬದಲ್ಲೇ ಕಂಪ್ಯೂಟರ್ ಇರುವ ಕೋಣೆಯಲ್ಲಿ ಬೆಳಗಿನವರೆಗೆ ಬಿಡಿ. ತಂಪಿನಿಂದ ಬಂದ ಲೆನ್ಸಿನ ಮೇಲೆ ಒಳಗಿನ ಬೆಚ್ಚನೆಯ ಗಾಳಿ ತಾಗಿ ಹಬೆ ಕೂರುತ್ತದೆ, ಕನ್ನಡಕದ ಮೇಲೆ ಕೂರುವ ಹಾಗೆಯೇ.

ವಿದ್ಯುತ್ ನಿಜವಾಗಿಯೂ ಹೋಗಿದೆಯೇ?

ನಮ್ಮ ಕಡೆ ಇದು ಬೇರೆಯಾಗಿಯೇ ಹೇಳಬೇಕಾದ ಮಾತು. ಕರೆಂಟು ಪದೇ ಪದೇ ಹೋಗುವುದರಿಂದ ಎಲ್ಲರ ಮನೆಯಲ್ಲೂ ಯುಪಿಎಸ್ ಅಥವಾ ಇನ್ವರ್ಟರ್ ಇದೆ. ಗೋಡೆಯ ಸ್ವಿಚ್ ಆರಿಸಿದ ಮಾತ್ರಕ್ಕೆ ಕ್ಯಾಬಿನೆಟ್ಟಿಗೆ ವಿದ್ಯುತ್ ನಿಲ್ಲುವುದಿಲ್ಲ, ಯುಪಿಎಸ್‌ನ ಬ್ಯಾಟರಿ ಅದನ್ನು ಕೊಡುತ್ತಲೇ ಇರುತ್ತದೆ. ಆದ್ದರಿಂದ ಕ್ಯಾಬಿನೆಟ್ಟಿನ ಹಿಂಬದಿಯ ದಪ್ಪ ಕೇಬಲನ್ನೇ ಕಿತ್ತುಬಿಡಿ. ಮಾನಿಟರ್, ಇಂಟರ್ನೆಟ್, ಸ್ಪೀಕರ್ ವಯರುಗಳನ್ನೂ ತೆಗೆಯಿರಿ. ಆಮೇಲೆ ಯಂತ್ರ ಶುರುಮಾಡುವ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಎಸ್‌ಎಂಪಿಎಸ್ ಎಂಬ ಫ್ಯಾನಿರುವ ಲೋಹದ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು. ಅದರೊಳಗಿನ ಕೆಪಾಸಿಟರುಗಳು ಕೇಬಲ್ ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ.

ಮೊದಲಿನಿಂದಲೂ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಎನ್ನುತ್ತಿತ್ತೇ? ಹಾಗಿದ್ದರೆ ನಿಮ್ಮ ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ಸಿಕ್ಕಿಲ್ಲ. ಹಳೆಯ ಹಂಚಿನ ಮನೆಗಳಲ್ಲಿ ಇದು ಮಾಮೂಲು ಎಂದು ಬಿಟ್ಟುಬಿಟ್ಟಿದ್ದೇವೆ, ಬಿಡಬಾರದು. ಡ್ರೈವಿಗಿಂತ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅದನ್ನು ಸರಿಪಡಿಸಿಕೊಳ್ಳಿ.

ಬಿಚ್ಚುವುದು

ಬೆಳಕಿರುವ ಕಡೆ, ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕ್ಯಾಬಿನೆಟ್ಟನ್ನು ಮಲಗಿಸಿ. ಮುಂಭಾಗ ನಿಮ್ಮ ಕಡೆಗೆ ತಿರುಗಿರುವಾಗ ಎಡಬದಿಯ ತಗಡನ್ನು ತೆಗೆಯಬೇಕು. ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ ತಗಡನ್ನು ಹಿಂದಕ್ಕೆ ಸರಿಸಿದರೆ ಕಳಚಿಕೊಳ್ಳುತ್ತದೆ. ಸ್ಕ್ರೂಗಳನ್ನು ಬಟ್ಟಲಿಗೆ ಹಾಕಿಡಿ.

ಒಳಗೆ ಏನೆಲ್ಲ ಕಾಣಬಹುದೆಂದು ಹೇಳಲಾಗದು. ನಾನು ತೆರೆದ ಕ್ಯಾಬಿನೆಟ್ಟುಗಳಲ್ಲಿ ಕಟ್ಟಿರುವೆಗಳ ಮೊಟ್ಟೆ, ಹಲ್ಲಿಯ ಅಸ್ಥಿ, ಕಣಜ ಕಟ್ಟಿದ ಮಣ್ಣಿನ ಗೂಡು ಎಲ್ಲ ಸಿಕ್ಕಿವೆ. ಬಣ್ಣ ಹಚ್ಚುವಂಥ ಒಣ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿ. ಬಾಯಿಂದ ಊದಬೇಡಿ, ಉಗುಳಿನ ತುಂತುರು ಬೋರ್ಡಿನ ಮೇಲೆ ಬೀಳುತ್ತದೆ. ಯಾವುದನ್ನು ಮುಟ್ಟುವ ಮೊದಲೂ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಇಳಿಸಿಕೊಳ್ಳಿ. ಮಳೆಗಾಲದ ತೇವದಲ್ಲಿ ಇದರ ಭಯ ಕಡಿಮೆ. ಮಾಘ, ಫಾಲ್ಗುಣದ ಒಣ ಹವೆಯಲ್ಲಿ ನೈಲಾನ್ ಬಟ್ಟೆ ತೊಟ್ಟಿದ್ದರೆ ಹೆಚ್ಚು.

ಡ್ರೈವಿನ ಹಿಂದಿನ ಕೇಬಲ್‌ಗಳನ್ನು ಕೀಳುವಾಗ ವಯರನ್ನು ಹಿಡಿದು ಎಳೆಯದೆ, ತುದಿಯ ಪ್ಲಾಸ್ಟಿಕ್ ತಲೆಯನ್ನು ಹಿಡಿದು ನೇರಕ್ಕೆ ಎಳೆಯಿರಿ. ಪಕ್ಕದಲ್ಲಿ ಪುಟ್ಟ ಲೋಹದ ನಾಲಗೆ ಇದ್ದರೆ ಅದನ್ನು ಒತ್ತಿಕೊಂಡೇ ಎಳೆಯಬೇಕು. ಸಾಟಾದ ತಲೆಯನ್ನು ಅತ್ತಿತ್ತ ಅಲುಗಿಸಿದರೆ ಒಳಗಿನ ತೆಳು ಪ್ಲಾಸ್ಟಿಕ್ ಮುರಿಯುತ್ತದೆ. ಕೇಬಲಿನ ಇನ್ನೊಂದು ತುದಿ ಮದರ್‌ಬೋರ್ಡ್ ಎಂಬ ಮುಖ್ಯ ಬೋರ್ಡಿನ ಯಾವ ಕಿಂಡಿಗೆ ಹೋಗಿದೆ ಎಂದು ಫೋಟೊ ತೆಗೆದಿಡಿ, ಹಾರ್ಡ್ ಡಿಸ್ಕಿನ ಕೇಬಲ್ ಮುಟ್ಟಬೇಡಿ.

ಡ್ರೈವನ್ನು ಎರಡೂ ಬದಿಯಿಂದ ಸ್ಕ್ರೂಗಳು ಹಿಡಿದಿರುತ್ತವೆ, ಆದ್ದರಿಂದ ಬಲಬದಿಯ ತಗಡನ್ನೂ ತೆಗೆಯಬೇಕಾದೀತು. ಕೆಲವು ಕಂಪನಿ ಯಂತ್ರಗಳಲ್ಲಿ ಸ್ಕ್ರೂ ಬದಲು ಒತ್ತಿ ಸರಿಸುವ ಕೊಂಡಿ ಇರುತ್ತದೆ. ಹೆಚ್ಚಿನ ಕ್ಯಾಬಿನೆಟ್ಟುಗಳಲ್ಲಿ ಡ್ರೈವ್ ಹೊರಬರುವುದು ಮುಂಭಾಗದಿಂದ: ಹಿಂದಿನಿಂದ ತಳ್ಳಿ, ಮುಂದಿನಿಂದ ಹಿಡಿದುಕೊಳ್ಳಿ. ಮುಂದಿನ ಪ್ಲಾಸ್ಟಿಕ್ ಮುಖ ಅಡ್ಡ ಬಂದರೆ ಅದರ ಕೆಳಗಿನ ಅಂಚನ್ನು ಹಿಡಿದು ನಿಧಾನಕ್ಕೆ ಬಿಡಿಸಿ, ಅದಕ್ಕೆ ಅಂಟಿಕೊಂಡ ದೀಪದ ತೆಳು ವಯರುಗಳು ಹರಿಯದಂತೆ.

ಹೊಸದನ್ನು ಕೂರಿಸುವುದು

ಬಂದ ದಾರಿಯಲ್ಲೇ ಒಳಗೆ ತಳ್ಳಿ, ಡ್ರೈವಿನ ಮುಖ ಕ್ಯಾಬಿನೆಟ್ಟಿನ ಮುಖಕ್ಕೆ ಸಮನಾಗಿ ನಿಲ್ಲಿಸಿ. ಸ್ಕ್ರೂಗಳ ವಿಷಯದಲ್ಲಿ ತುಸು ನಿಧಾನ ಬೇಕು. ಡಿವಿಡಿ ಡ್ರೈವಿಗೆ ಹಾಕುವುದು ಸಣ್ಣ ಎಳೆಯ ಎಂ3 ಸ್ಕ್ರೂ, ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕಿಗೆ ಹಾಕುವುದು ದಪ್ಪ ಎಳೆಯದು. ನೋಡಲು ಒಂದೇ ರೀತಿ ಕಂಡರೂ ಅದಲುಬದಲಾದರೆ ತೂತಿನೊಳಗಿನ ಎಳೆ ಹಾಳಾಗುತ್ತದೆ. ಹಳೆಯ ಡ್ರೈವಿನಿಂದ ಬಿಚ್ಚಿದವನ್ನೇ ಹಾಕಿ, ಉದ್ದದ ಸ್ಕ್ರೂ ಹಾಕಬೇಡಿ, ಒಳಗಿನ ಭಾಗಕ್ಕೆ ತಾಗೀತು. ಮೊದಲು ನಾಲ್ಕನ್ನೂ ಬೆರಳಿನಿಂದ ತಿರುಗಿಸಿ ಹಿಡಿಸಿ, ಡ್ರೈವ್ ನೆಟ್ಟಗಿದೆ ಎಂದಾದ ಮೇಲೆ ಬಿಗಿ ಮಾಡಿ. ತೀರಾ ಬಿಗಿದರೆ ಚೌಕಟ್ಟು ಸೊಟ್ಟಗಾಗಿ ಟ್ರೇ ಉಜ್ಜುತ್ತದೆ.

ಸಾಟಾದ ಎರಡೂ ತಲೆಗಳ ಒಂದು ತುದಿ ‘ಎಲ್’ ಆಕಾರದಲ್ಲಿ ಮಡಚಿದೆ, ಆದ್ದರಿಂದ ತಿರುಗುಮುರುಗಾಗಿ ಕೂರುವುದಿಲ್ಲ. ಬಲ ಬೇಕೆನಿಸಿದರೆ ತಿರುವಿ ನೋಡಿ. ಐಡಿಇ ಆಗಿದ್ದರೆ ಕೇಬಲಿನ ಕೆಂಪು ಅಂಚು ವಿದ್ಯುತ್ ಕನೆಕ್ಟರಿನ ಕಡೆಗಿರಬೇಕು, ಹಿಂಬದಿಯ ಪಿನ್ನುಗಳನ್ನು ಜೋಡಿಸುವ ಪುಟ್ಟ ಟೋಪಿಯಂಥ ಜಂಪರ್ ಹಳೆಯ ಡ್ರೈವಿನಲ್ಲಿ ಎಲ್ಲಿತ್ತೋ ಹೊಸದರಲ್ಲೂ ಅಲ್ಲೇ ಇರಬೇಕು. ವಯರುಗಳು ಫ್ಯಾನಿನ ರೆಕ್ಕೆಗೆ ತಾಗದಂತೆ ಕಟ್ಟಿ. ಸೆಲ್ ಬದಲಿಸುವುದಿದ್ದರೆ ಈಗಲೇ ಬದಲಿಸಿ, ಆದರೆ ಅದಕ್ಕೂ ಮುನ್ನ ಬಯಾಸ್‌ನಲ್ಲಿ ಸಾಟಾ ಮೋಡ್ (ಸಾಟಾ ಡ್ರೈವುಗಳೊಂದಿಗೆ ಯಂತ್ರ ವ್ಯವಹರಿಸುವ ರೀತಿ) ಏನಿತ್ತೆಂದು ಬರೆದಿಟ್ಟುಕೊಂಡಿರಬೇಕು. ಸೆಲ್ ತೆಗೆದರೆ ಆ ಆಯ್ಕೆ ಬದಲಾಗಿ ವಿಂಡೋಸ್ ತೆರೆಯದೇ ಹೋಗಬಹುದು. ಮತ್ತೆ ಮೊದಲಿನಂತೆ ಮಾಡಿದರೆ ಸರಿಹೋಗುತ್ತದೆ.

ತಗಡು ಮುಚ್ಚುವ ಮೊದಲೇ ಕೇಬಲ್ ಸಿಕ್ಕಿಸಿ, ಒಳಗೆ ಕೈಯಿಡದೆ, ಯಂತ್ರ ಶುರುಮಾಡಿ. ಬಯಾಸ್‌ನಲ್ಲಿ ಹೆಸರು ಬಂದರೆ ಅರ್ಧ ಗೆದ್ದಂತೆ. ವಿಂಡೋಸ್‌ಗಾಗಲಿ ಲಿನಕ್ಸ್‌ಗಾಗಲಿ ಬೇರೆ ಡ್ರೈವರ್ ತಂತ್ರಾಂಶ ಬೇಕಿಲ್ಲ. ವಿಂಡೋಸ್ 10 ಮತ್ತು 11 ಡಿವಿಡಿ ಸಿನಿಮಾಗಳನ್ನು ತಾವಾಗಿ ನುಡಿಸುವುದಿಲ್ಲ, ಉಚಿತವಾಗಿ ಸಿಗುವ ವಿಎಲ್‌ಸಿ ಎಂಬ ಪ್ಲೇಯರ್ ಹಾಕಿಕೊಳ್ಳಿ. ಸಿನಿಮಾ ಡಿವಿಡಿ ಯಾವ ದೇಶಗಳಿಗೆಂದು ಗುರುತಿಸುವ ಪ್ರದೇಶದ ಸಂಖ್ಯೆಯನ್ನು (ರೀಜನ್) ಡ್ರೈವ್ ಕೇಳಿದರೆ ಭಾರತದ್ದು 5. ಅದನ್ನು ಐದು ಸಲ ಮಾತ್ರ ಬದಲಿಸಬಹುದು, ಕೊನೆಯ ಆಯ್ಕೆ ಶಾಶ್ವತ. ಸುಮ್ಮನೆ ಬದಲಿಸುತ್ತಾ ಹೋಗಬೇಡಿ.

ಮೊದಲ ಕೆಲಸ: ಪ್ರತಿ ತೆಗೆಯುವುದು

ಡ್ರೈವ್ ಬಂದ ಸಂತೋಷಕ್ಕೆ ಮದುವೆಯ ಡಿಸ್ಕ್ ಹಾಕಿಕೊಂಡು ಎಲ್ಲರೂ ನೋಡಲು ಕೂರುವುದು ಸಹಜ. ನೋಡುವ ಮುನ್ನ ಪ್ರತಿ ತೆಗೆಯಿರಿ. ಹಳೆಯ ಡಿಸ್ಕ್ ಇಂದು ಓದಿತೆಂದರೆ ನಾಳೆಯೂ ಓದುತ್ತದೆ ಎಂಬ ಭರವಸೆ ಇಲ್ಲ.

ಬೂಷ್ಟು ಹಿಡಿದ ಡಿಸ್ಕನ್ನು ಹಾಗೆಯೇ ಹಾಕಿ ಹೊಸ ಲೆನ್ಸಿಗೂ ಅದನ್ನು ಹರಡಬೇಡಿ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆದು, ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ನೆರಳಿನಲ್ಲಿ ಒಣಗಿಸಿ. ಸುತ್ತ ತಿರುಗಿಸಿ ಒರೆಸಿದರೆ ಗೀರು ಮಾಹಿತಿಯ ಸಾಲಿನ ಉದ್ದಕ್ಕೇ ಬಿದ್ದು ತುಂಬಾ ಹಾನಿಯಾಗುತ್ತದೆ. ಸಿಡಿಯ ವಿಷಯದಲ್ಲಿ ಹೆಸರು ಬರೆದ ಬದಿಯನ್ನೇ ಹೆಚ್ಚು ಜೋಪಾನ ಮಾಡಬೇಕು. 1.2 ಮಿಲಿಮೀಟರ್ ದಪ್ಪದ ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಆ ಬದಿಯ ತೆಳು ಲೇಪದ ಕೆಳಗೇ. ಡಿವಿಡಿಯಲ್ಲಿ ಅದು ಎರಡು ಬಿಲ್ಲೆಗಳ ನಡುವೆ ಸುರಕ್ಷಿತ. ಹೆಸರಿನ ಬದಿಗೆ ಕಾಗದ ಅಂಟಿಸಿದ್ದರೆ ನೀರಿಗೆ ಹಾಕಬೇಡಿ, ಕಾಗದವನ್ನು ಕೀಳಲೂ ಬೇಡಿ, ಪದರವೂ ಅದರ ಜೊತೆಗೇ ಎದ್ದು ಬರುತ್ತದೆ.

ಮದುವೆಯ ಡಿವಿಡಿಯಲ್ಲಿ ವಿಡಿಯೊ ಟಿಎಸ್ ಎಂಬ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ಎಳೆದುಕೊಂಡರೆ ಸಾಕು. ಒಂದು ಪದರದ ಡಿಸ್ಕಾದರೆ ಹೆಚ್ಚೆಂದರೆ 4.7 ಜಿಬಿ. ಹಾಡಿನ ಸಿಡಿ ಹಾಗಲ್ಲ, ಅದರಲ್ಲಿ ಕಾಣುವ ಕಡತಗಳು ಬರಿಯ ಗುರುತುಗಳು, ಎಳೆದುಕೊಂಡರೆ ಏನೂ ಬರುವುದಿಲ್ಲ. ವಿಂಡೋಸ್ ಮೀಡಿಯಾ ಪ್ಲೇಯರಿನಂಥ ತಂತ್ರಾಂಶದಲ್ಲಿ ‘ರಿಪ್’ ಆಯ್ಕೆ ಕೊಟ್ಟು ದನಿಯಲ್ಲಿ ಏನನ್ನೂ ಕಳೆಯದ ಫ್ಲಾಕ್ ಅಥವಾ ವೇವ್ ರೂಪದಲ್ಲಿ ಇಳಿಸಿಕೊಳ್ಳಿ. ವೇವ್ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ. ಎಂಪಿ3 ಕಡಿಮೆ ಜಾಗ ಹಿಡಿದರೂ ಮೂಲ ಪ್ರತಿಗೆ ಅದು ಬೇಡ. ಕ್ಯಾಸೆಟ್ಟಿನಿಂದ ಬಂದ ದನಿ ಮೊದಲೇ ಸೊರಗಿರುತ್ತದೆ, ಇನ್ನಷ್ಟು ಕಳೆಯುವುದೇಕೆ. ಅರ್ಧಕ್ಕೆ ನಿಂತುಹೋಗುವ ಡಿಸ್ಕುಗಳಿಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಒಳ್ಳೆಯದು, ಆದರೆ ಅದು ಮಾಹಿತಿಯ ಸಿಡಿ, ಡಿವಿಡಿಗಳಿಗೆ, ಹಾಡಿನ ಸಿಡಿಗಲ್ಲ. ಓದಲಾದ ಭಾಗಗಳನ್ನೆಲ್ಲ ಮೊದಲು ತೆಗೆದುಕೊಂಡು, ಓದಲಾಗದ ಜಾಗಗಳಿಗೆ ಮತ್ತೆ ಮತ್ತೆ ಮರಳುತ್ತದೆ.

ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಚೈತ್ರ, ವೈಶಾಖದ ಗುಡುಗಿನಲ್ಲಿ ಒಂದೇ ಸಿಡಿಲಿಗೆ ಮನೆಯ ಯಂತ್ರಗಳೆಲ್ಲ ಹೋಗುವುದನ್ನು ಕಂಡಿದ್ದೇವೆ. ಡಿಸ್ಕುಗಳನ್ನು ಹಪ್ಪಳದ ಡಬ್ಬಿಯಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ನೆಟ್ಟಗೆ ನಿಲ್ಲಿಸಿಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡಬೇಡಿ, ಅಡಿಕೆಗೆ ಹಿತವಾದ ಹೊಗೆ ಇವಕ್ಕೆ ಆಗದು. ಕಂಪ್ಯೂಟರನ್ನೂ ಮಳೆಗಾಲದಲ್ಲಿ ದಿನಕ್ಕೊಂದು ಗಂಟೆ ನಡೆಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ವಾರಕ್ಕೊಮ್ಮೆಯಾದರೂ ಟ್ರೇಯನ್ನು ಹೊರಗೆ ಒಳಗೆ ಆಡಿಸಿ.

ನಮ್ಮ ಹನ್ನೆರಡರಲ್ಲಿ ಹತ್ತು ಪೂರ್ತಿಯಾಗಿ ಬಂದವು. ಒಂದು ಬರಲೇ ಇಲ್ಲ. ಕರ್ಣನ ಅರ್ಥದ ಸಿಡಿ ಕೊನೆಯ ಆರು ನಿಮಿಷ ಬಿಟ್ಟು ಉಳಿದದ್ದನ್ನು ಕೊಟ್ಟಿತು. ಅತ್ತೆ ಜಗಲಿಯಲ್ಲಿ ಕೂತು, ಹಂಚಿನ ಮೇಲೆ ಮಳೆ ಸುರಿಯುತ್ತಿರುವಾಗ, ದನಿಯನ್ನು ಇನ್ನೂ ಸ್ವಲ್ಪ ಏರಿಸು ಎಂದರು.